ಹಗಲಲ್ಲಿ ಉರಿದ ಬಾಗಿಲ ದೀಪ

ನಮ್ಮ ಬಯಲಿನಲ್ಲಿ ಒಂದು ಪದ್ಧತಿ ಇತ್ತು. ಮಲಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಟ್ರೇಲರಿನ ಬಾಗಿಲ ಮೇಲಿನ ಪುಟ್ಟ ಕರೆಂಟು ದೀಪ ಹಚ್ಚಬೇಕು. ಬೆಳಿಗ್ಗೆ ಎದ್ದವರು ಮೊದಲು ಅದನ್ನು ಆರಿಸಬೇಕು, ಮಿಕ್ಕಿದ್ದೆಲ್ಲ ಆಮೇಲೆ. ದೀಪ ಆರಿದೆ ಎಂದರೆ ಇವನು ಎದ್ದಿದ್ದಾನೆ, ಇವತ್ತಿಗೆ ಇವನ ಚಿಂತೆ ಬೇಡ ಎಂದರ್ಥ. ಕಾಫಿಯ ಹೊತ್ತು ಕಳೆದರೂ ಉರಿಯುತ್ತಲೇ ಇದ್ದರೆ ಯಾರಾದರೂ ಹೋಗಿ ಬಾಗಿಲು ತಟ್ಟಬೇಕು. ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಒಂಟಿಯಾಗಿ ಅಲೆಯುವ ನಮ್ಮಂಥ ಮುದುಕ ಮುದುಕಿಯರು, ಯಾರೋ ಒಬ್ಬರು ಸತ್ತು ವಾರದ ಮೇಲೆ ಸಿಕ್ಕ ಸುದ್ದಿ ಕೇಳಿ ಮಾಡಿಕೊಂಡ ಏರ್ಪಾಡು ಇದು.

ನನಗೆ ಈ ದೀಪದ ಶಾಸ್ತ್ರ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸಾಯುವವನು ಸಾಯುತ್ತಾನೆ, ಅದಕ್ಕೊಂದು ಡಂಗುರ ಬೇರೆ ಯಾಕೆ? ಆದರೂ ಹಚ್ಚುತ್ತಿದ್ದೆ. ಹಚ್ಚದಿದ್ದರೆ ಡಾರ್ಲಾ ಬಿಡುತ್ತಿರಲಿಲ್ಲ. ಡಾರ್ಲಾ ಎಂದರೆ ಪಕ್ಕದ ಹಸಿರು ಟ್ರೇಲರಿನವಳು. ಐಡಾಹೋದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನ ತುಂಟರನ್ನು ಗದರಿಸಿ ಗದರಿಸಿ ಬೆಳೆದ ಅವಳ ಗಂಟಲು ಬಯಲಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೆ. ಅವಳ ಆಚೆಗೆ ರಾಯ್ಸ್, ಅಂಚೆ ಹಂಚುತ್ತಿದ್ದವನು, ಎಲ್ಲದಕ್ಕೂ ನಗುವವನು. ಇನ್ನೂ ಒಂದೆರಡು ಗಾಡಿಗಳು ದೂರದಲ್ಲಿ. ನಾನು ಆರ್ವಿಡ್. ಮೊಂಟಾನಾದ ಕುರಿ ಸಾಕುವವರ ಮನೆಯವನು, ಮದುವೆ ಮಾಡಿಕೊಳ್ಳದವನು, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವನು. ಕೊನೆಯದು ಡಾರ್ಲಾ ಹೇಳುವ ಮಾತು, ಸುಳ್ಳೇನೂ ಅಲ್ಲ.

ಆ ವರ್ಷ ಹಿಮ ಬೀಳುವ ಮೊದಲೇ ನಾವು ಯೂಟಾದ ಆ ಕೆಂಪು ಬಂಡೆಗಳ ಬಯಲು ಬಿಟ್ಟು ಬೆಚ್ಚನೆಯ ಅರಿಜೋನಾಕ್ಕೆ ಇಳಿದಿರಬೇಕಿತ್ತು. ಹಿಮ ಅವಸರ ಮಾಡಿತು, ಡಾರ್ಲಾಳ ಟ್ರಕ್ಕಿನ ಬಿಡಿಭಾಗ ತಡ ಮಾಡಿತು. ಒಟ್ಟಿಗೆ ಬಂದವರು ಒಟ್ಟಿಗೇ ಹೊರಡಬೇಕು ಎಂಬುದು ನಮ್ಮ ಇನ್ನೊಂದು ಕಟ್ಟಳೆ. ಹಾಗಾಗಿ ಎಲ್ಲರೂ ಹಿಮದ ನಡುವೆ ಬೆಂಕಿ ಹಾಕಿಕೊಂಡು, ಕೈಯಲ್ಲಿ ಕಾಫಿ ಹಿಡಿದು, ಒಂದು ಬಿಡಿಭಾಗದ ದಾರಿ ಕಾಯುತ್ತಾ ಕೂತಿದ್ದೆವು.

ಜಗಳ ಶುರುವಾದದ್ದು ಅಲ್ಲಿಯೇ, ಆ ಬೆಂಕಿಯ ಮುಂದೆ.

"ಆರ್ವಿಡ್, ಬ್ಯಾಟರಿ ಕೆಳಗೆ ಆ ಬಿಸಿಪಟ್ಟಿ ಹಾಕಿದ್ಯೇನಯ್ಯಾ?" ಎಂದಳು ಡಾರ್ಲಾ. ಅವಳೇ ತಂದುಕೊಟ್ಟಿದ್ದ ಪಟ್ಟಿ ಅದು, ಕರೆಂಟಿನಿಂದ ಬಿಸಿಯಾಗುವಂಥದ್ದು.

"ಇಲ್ಲ."

"ಯಾಕೋ?"

"ಬ್ಯಾಟರಿ ಬೆಚ್ಚಗಿರ್ಲಿ ಅಂತ ಬ್ಯಾಟರಿನೇ ತಿನ್ನೋ ಪಟ್ಟಿ ಅದು. ನನ್ನ ಹೊಟ್ಟೆ ತುಂಬ್ಲಿ ಅಂತ ನನ್ನ ಕಾಲೇ ಬೇಯಿಸ್ಕೊಂಡು ತಿನ್ಲಾ?"

ರಾಯ್ಸ್ ಕಾಫಿ ಚೆಲ್ಲುವ ಹಾಗೆ ನಕ್ಕ. ಡಾರ್ಲಾ ನಗಲಿಲ್ಲ.

"ನಗಬೇಡ್ರೋ. ಹಳೇ ಸೀಸದ ಬ್ಯಾಟರಿ ಅಲ್ಲ ಇದು, ಲಿಥಿಯಂದು. ಚಳೀಲಿ ಇದ್ದಿದ್ದನ್ನ ಕೊಡುತ್ತೆ, ಆದ್ರೆ ಹೊಸದಾಗಿ ತಗೊಳ್ಳಲ್ಲ. ನೀರು ಹೆಪ್ಪುಗಟ್ಟೋ ಚಳೀಲಿ ಚಾರ್ಜ್ ಹೊಡೆದ್ರೆ ಒಳಗೇ ಕೆಟ್ಟುಹೋಗುತ್ತೆ, ಅದಕ್ಕೆ ತಾನಾಗಿ ಬಾಯಿ ಮುಚ್ಕೊಂಡುಬಿಡುತ್ತೆ. ಆಮೇಲೆ ನೆತ್ತಿ ಮೇಲೆ ಸೂರ್ಯ ಸುರೀತಿದ್ರೂ ಒಂದು ಗುಟುಕು ಕುಡಿಯಲ್ಲ. ಹೀಟರ್ ಫ್ಯಾನು ನಿಲ್ಲುತ್ತೆ. ನೀನು ಮೀನಿನ ಹಾಗೆ ಸೆಟೆದುಕೊಂಡು ಬಿದ್ದಿರ್ತೀಯ."

"ನನಗೆ ಗೊತ್ತು ಕಣಮ್ಮಾ."

"ಗೊತ್ತಿದ್ದೂ ಹಾಕಿಲ್ಲ. ಜಾಣ!"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ನನಗೆ ಉರಿ ಹತ್ತಿಸಿತು. ಹಿಂದಿನ ವಾರ ನಾನು ಸೋಮಾರಿತನದಿಂದ ದೀಪ ಆರಿಸದೆ ಬಿದ್ದುಕೊಂಡಿದ್ದಾಗ ಅವಳು ಬಂದು ಬಾಗಿಲು ಮುರಿಯುವ ಹಾಗೆ ಬಡಿದು, ನನ್ನನ್ನು ಒಳಚಡ್ಡಿಯಲ್ಲೇ ಹೊರಗೆ ಎಳೆದಿದ್ದಳು. ಅದರ ಸಿಟ್ಟೂ ಒಳಗೇ ಕೂತಿತ್ತು.

"ನಿನ್ನ ಆ ಹಾಳು ಬಿಡಿಭಾಗ ಬಂದಿದ್ರೆ ಇಷ್ಟೊತ್ತಿಗೆ ನಾವೆಲ್ಲ ಅರಿಜೋನಾದಲ್ಲಿ ಅಂಗಿ ಬಿಚ್ಚಿ ಕೂತಿರ್ತಿದ್ವಿ. ನಿನ್ನಿಂದ ಇಲ್ಲಿ ಸಾಯ್ತಿದ್ದೀವಿ, ಮೇಲಿಂದ ನಿನ್ನ ಪಾಠ ಬೇರೆ. ಒಂದು ಮಾತು ಕೇಳ್ಕೊಳ್ಳಿ ಎಲ್ಲರೂ. ದೀಪ ಆರಿದ್ರೆ ಆಯ್ತು, ಆಮೇಲೆ ನನ್ನ ಬಾಗಿಲ ಹತ್ರ ಯಾರೂ ಸುಳೀಬೇಡಿ. ಕಾಫಿಗೆ ಬಂದ್ರೆ ಬಂದೆ, ಇಲ್ಲಾಂದ್ರೆ ಇಲ್ಲ. ಯಾಕೆ ಬರ್ಲಿಲ್ಲ ಅಂತ ವಿಚಾರಿಸೋಕೂ ಬರಬೇಡಿ."

ಬೆಂಕಿಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಡಾರ್ಲಾ ತನ್ನ ಲೋಟದ ಚರಟವನ್ನು ಹಿಮದ ಮೇಲೆ ಚೆಲ್ಲಿದಳು.

"ಆಯ್ತಪ್ಪಾ," ಎಂದಳು. "ಆರಿದ್ರೆ ಬರಲ್ಲ."

ಅಂದಿನಿಂದ ನಾನು ಒಬ್ಬನೇ ಕಾಫಿ ಕುಡಿಯತೊಡಗಿದೆ. ಆಕಾಶ ಬಯಲಿನ ಮೇಲೆ ಬೂದು ಕಂಬಳಿ ಹೊದ್ದು ಮಲಗಿಬಿಟ್ಟಿತ್ತು. ಹಿಮ ಸದ್ದಿಲ್ಲದೆ ಬೀಳುತ್ತಿತ್ತು, ಬಿದ್ದದ್ದರ ಮೇಲೆ ಮತ್ತೆ ಬೀಳುತ್ತಿತ್ತು, ಸೂರಿನ ಮೇಲಿನ ಸೋಲಾರ್ ಫಲಕ ಅದರಡಿಯಲ್ಲಿ ಎಲ್ಲಿ ಹೋಯಿತೋ ತಿಳಿಯುತ್ತಿರಲಿಲ್ಲ. ನನ್ನ ಹೀಟರಿಗೆ ಬೇಕಾದ ಗ್ಯಾಸ್ ಇತ್ತು, ಆದರೆ ಆ ಬಿಸಿಯನ್ನು ಒಳಗೆ ಊದುವ ಫ್ಯಾನಿಗೆ ಬ್ಯಾಟರಿಯೇ ಬೇಕು. ಫ್ಯಾನು ಊದುತ್ತಲೇ ಇತ್ತು, ಬ್ಯಾಟರಿ ಇಳಿಯುತ್ತಲೇ ಇತ್ತು. ರಾಯ್ಸ್ ಬಳಿ ಜನರೇಟರ್ ಇತ್ತು. ಹೋಗಿ ಕೇಳಿದ್ದರೆ ಹಲ್ಲು ಕಿರಿಯುತ್ತಾ ತಂದಿಡುತ್ತಿದ್ದ. ಹಲ್ಲು ಕಿರಿಯುತ್ತಾನೆ ಎಂತಲೇ ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ಮೌನ ನನ್ನನ್ನು ಎಬ್ಬಿಸಿತು.

ಫ್ಯಾನು ನಿಂತಿತ್ತು. ನನ್ನ ಉಸಿರು ಮೂಗಿನ ಮುಂದೆ ಬೆಳ್ಳಗೆ ನಿಂತಿತ್ತು. ಕಿಟಕಿಯ ಗಾಜಿನ ತುಂಬ ಒಳಗಡೆಯೇ ಮಂಜು ಹೆಪ್ಪುಗಟ್ಟಿ ಹೂವು ಎಲೆ ಬಳ್ಳಿ ಬಿಡಿಸಿತ್ತು, ಅದರ ಹಿಂದಿನಿಂದ ಗುಲಾಬಿ ಬಣ್ಣದ ಬೆಳಕು ಸೋರುತ್ತಿತ್ತು. ಮೋಡ ಹೋಗಿದೆ, ಬಿಸಿಲು ಬರುತ್ತಿದೆ ಎಂದುಕೊಂಡೆ. ಗಾಳಿ ಸೂರಿನ ಮೇಲಿನ ಹಿಮವನ್ನೂ ಗುಡಿಸಿಕೊಂಡು ಹೋದಂತಿತ್ತು, ತಗಡು ಬರಿದಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಎಷ್ಟು ಚೆಂದ ಎನ್ನಿಸಿತು. ಒಲೆ ಹಚ್ಚಿ ಕಾಫಿಗಿಡೋಣವೆಂದು ಕಾಲು ಕೆಳಗಿಟ್ಟೆ. ಸಿಂಕಿನಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ಗಾಜಿನ ಹಾಳೆಯಾಗಿ ಮಲಗಿದ್ದು ನನಗೆ ಕಾಣಲಿಲ್ಲ. ಕಾಲು ಜಾರಿತು. ಸೊಂಟ ಹಾಸಿಗೆಯ ಅಂಚಿಗೆ ಬಡಿಯಿತು, ಒಳಗೆ ಏನೋ ಮುರಿದ ಸದ್ದು ಕಿವಿಗೇ ಕೇಳಿಸಿತು.

ನೋವು ಎಷ್ಟಿತ್ತೆಂದರೆ ಸ್ವಲ್ಪ ಹೊತ್ತು ನಾನು ಯಾರೆಂಬುದೇ ಮರೆತುಹೋಯಿತು. ತಿಳಿವು ಬಂದಾಗ ನೆಲದ ಮೇಲೆ, ಹಾಸಿಗೆಗೂ ಒಲೆಯ ಕಟ್ಟೆಗೂ ನಡುವೆ ಬಿದ್ದಿದ್ದೆ. ಬೆಂಕಿಪೆಟ್ಟಿಗೆ ಕಟ್ಟೆಯ ಮೇಲಿತ್ತು, ಮೊಂಟಾನಾದಷ್ಟು ದೂರದಲ್ಲಿ. ಫೋನು ನಮ್ಮ ಬಯಲಿನಲ್ಲಿ ಹೇಗೂ ಬಾಯಿ ಬಿಡುವುದಿಲ್ಲ, ಗುಡ್ಡ ಹತ್ತಬೇಕು. ಇರಲಿ, ಬಾಗಿಲ ದೀಪ ಇದೆಯಲ್ಲ, ಆರಿಸದೆ ಬಿಟ್ಟರಾಯಿತು, ಕಾಫಿ ಮುಗಿಯುತ್ತಲೇ ಆ ಬಸ್ಸಿನವಳು ಬಂದು ಬಾಗಿಲು ಒಡೆಯುತ್ತಾಳೆ. ಹಾಗೆಂದುಕೊಂಡು ಬಾಗಿಲಿನ ಗಾಜಿನ ಕಡೆ ನೋಡಿದೆ. ದೀಪದ ಪಕ್ಕ ಸೂರಿನಿಂದ ಒಂದು ಹಿಮದ ಕಡ್ಡಿ ಇಳಿಬಿದ್ದಿತ್ತು. ದೀಪ ಉರಿಯುವಾಗ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಈಗ ಅದು ಬರೀ ಬೂದಿಯ ಬಣ್ಣದಲ್ಲಿತ್ತು.

ಫ್ಯಾನಿನ ಜೊತೆಗೆ ದೀಪವೂ ಆರಿಹೋಗಿತ್ತು. ಬ್ಯಾಟರಿ ತಳ ಕಂಡಿತ್ತು, ಎಲ್ಲವನ್ನೂ ಕಡಿದುಹಾಕಿತ್ತು. ಹೊರಗಿನವರಿಗೆ ಅದರ ಅರ್ಥ ಒಂದೇ. ಆರ್ವಿಡ್ ಎದ್ದಿದ್ದಾನೆ. ಆರ್ವಿಡ್ ಗಟ್ಟಿಮುಟ್ಟಾಗಿದ್ದಾನೆ. ಆರ್ವಿಡ್‌ನ ತಂಟೆಗೆ ಹೋಗಬೇಡಿ.

ಅಯ್ಯೋ ದೇವರೇ, ನನಗೆ ನಗು ಬಂತು. ನಕ್ಕರೆ ಸೊಂಟ ಕಿತ್ತು ಬರುತ್ತಿತ್ತು, ಆದರೂ ನಗು ಬಂತು. ಎಂಥ ಪದ್ಧತಿ ಮಾಡಿಕೊಂಡಿದ್ದೆವು! ಬ್ಯಾಟರಿ ಸತ್ತರೆ ಮನುಷ್ಯ ಬದುಕಿದ್ದಾನೆ ಎಂದು ಸಾರುವ ದೀಪ! ಬಿಸಿಲಿನ ನಾಡಿನಲ್ಲಿ ಕೂತು ಯೋಚಿಸಿದ ಬುದ್ಧಿವಂತರು ನಾವು, ಚಳಿಯನ್ನು ಯಾರು ನೆನೆದಿದ್ದರು?

ಕೂಗಿದೆ. ಕೈಗೆ ಸಿಕ್ಕ ಪಾತ್ರೆಯ ಮುಚ್ಚಳದಿಂದ ಗೋಡೆ ಬಡಿದೆ. ಗಾಳಿ ಬೀಸುತ್ತಿತ್ತು, ನಮ್ಮ ಗಾಡಿಗಳು ಒಂದಕ್ಕೊಂದು ಬೆನ್ನು ಹಾಕಿಕೊಂಡು ದೂರ ದೂರ ನಿಂತಿದ್ದವು. ಹಾಗೆ ದೂರ ನಿಲ್ಲಿಸಬೇಕೆಂದು ಹಟ ಹಿಡಿದವನೂ ನಾನೇ. ನನ್ನ ದನಿ ಅವರಿಗೆ ಕೇಳಲಿಲ್ಲ, ಅವಳ ದನಿ ಮಾತ್ರ ನನಗೆ ಕೇಳಿಸಿತು. "ರಾಯ್ಸ್, ಪ್ಯಾನ್‌ಕೇಕ್ ಸೀದುಹೋಗ್ತಿದೆ, ಬಾರೋ ಸೋಮಾರಿ!" ಹಂದಿಮಾಂಸ ಹುರಿಯುವ ವಾಸನೆಯೂ ಬಂತು. ಜಗತ್ತು ನನ್ನಿಂದ ಒಂದು ತಗಡಿನ ದಪ್ಪದಷ್ಟು ಆಚೆಗಿತ್ತು.

ಹಾಸಿಗೆಯ ಮೇಲಿನ ರಗ್ಗು ಜಗ್ಗಿಕೊಂಡು ಹೊದ್ದೆ. ನಡುಕ ಬಂತು, ಬಹಳ ಹೊತ್ತು ನಡುಗಿದೆ, ಆಮೇಲೆ ನಡುಕ ತಾನಾಗಿ ತೆಳುವಾಯಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಚಳಿನಾಡಿನಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹಿತವಾಗಿತ್ತು. ಹಿತವಾಗಿರುವುದೇ ಅದರ ಮೋಸ. ನೋವು ಯಾರದೋ ಅನ್ನಿಸತೊಡಗಿತು. ಕಿಟಕಿಯ ಮಂಜಿನಲ್ಲಿದ್ದ ಎಲೆ ಬಳ್ಳಿಗಳು ನಿಧಾನವಾಗಿ ಅಲುಗಿದವು. ನೋಡುತ್ತಿದ್ದ ಹಾಗೆ ಅವು ಎಲೆಗಳಾಗಿರಲಿಲ್ಲ, ಕುರಿಗಳ ಬೆನ್ನುಗಳಾಗಿದ್ದವು. ನಮ್ಮ ಮಂದೆ. ಗುಲಾಬಿ ಬೆಳಕಿನಲ್ಲಿ ಸದ್ದಿಲ್ಲದೆ ಗುಡ್ಡ ಇಳಿಯುತ್ತಿತ್ತು, ಒಂದರ ಹಿಂದೆ ಒಂದು, ಕಿಟಕಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಅವುಗಳ ಕೊರಳಗಂಟೆ ತಗಡಿನ ಟಿಕ್ ಟಿಕ್ ಆಗಿತ್ತು.

ಮಂದೆಯ ಹಿಂದೆ ಅಪ್ಪ ಬಂದ. ಒದ್ದೆ ಉಣ್ಣೆಯ ಕೋಟಿನ ವಾಸನೆ ಮೊದಲು ಬಂತು, ಆಮೇಲೆ ಅಪ್ಪ. ಬಾಗಿಲು ತೆಗೆಯದೆಯೇ ಒಳಗೆ ಬಂದು, ನನ್ನ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತ. ನಾನು ಬಿದ್ದಿದ್ದೇನೆಂದು ಅವನಿಗೆ ಗಾಬರಿಯೇನೂ ಆಗಲಿಲ್ಲ. ಅಪ್ಪನಿಗೆ ಯಾವತ್ತೂ ಮಕ್ಕಳಿಗಿಂತ ಕುರಿಗಳ ಚಿಂತೆಯೇ ಹೆಚ್ಚು.

"ಮರಿ ಎಲ್ಲೋ?" ಎಂದ.

"ಯಾವ ಮರಿ ಅಪ್ಪಾ?"

"ಚಳಿಗೆ ಸಿಕ್ಕಿದ್ದು. ಅದಕ್ಕೆ ಹಾಲು ಗೀಲು ಹುಯ್ದುಬಿಟ್ಟೀಯ, ಹುಷಾರು. ಮೈ ತಣ್ಣಗಿರೋ ಮರಿ ಹಾಲು ತಗೊಳ್ಳಲ್ಲ, ಬಲವಂತ ಮಾಡಿದ್ರೆ ಸಾಯುತ್ತೆ. ಮೊದ್ಲು ಮೈ ಬಿಸಿ ಆಗ್ಬೇಕು. ಅಂಗಿ ಒಳಗೆ ಹಾಕ್ಕೋ ಅದನ್ನ."

ಇದು ಕನಸಿನ ಮಾತಲ್ಲ. ನಮ್ಮ ಮನೆಯಲ್ಲಿ ಪ್ರತಿ ವಸಂತದಲ್ಲೂ ಕೇಳುತ್ತಿದ್ದ ಮಾತು. ಹಿಮದಲ್ಲಿ ಹುಟ್ಟಿ ಮರಗಟ್ಟಿದ ಮರಿಯನ್ನು ಅಪ್ಪ ಅಂಗಿಯೊಳಗೆ, ಬರಿ ಹೊಟ್ಟೆಗೆ ಒತ್ತಿಕೊಂಡು ಮನೆ ತುಂಬ ಓಡಾಡುತ್ತಿದ್ದ. ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಊಟಕ್ಕೂ ಹಾಗೆಯೇ ಕೂರುತ್ತಿದ್ದ. ಅಮ್ಮ ಎಷ್ಟು ಬೈದರೂ ಕೇಳುತ್ತಿರಲಿಲ್ಲ. ಮರಿ ಒದೆಯತೊಡಗಿದ ಮೇಲೆಯೇ ಹಾಲಿನ ಸೀಸೆ.

"ಮರಿ ಎಲ್ಲೋ?" ಅಪ್ಪ ಮತ್ತೆ ಕೇಳಿದ, ಈ ಸಲ ಸಿಡುಕಿನಿಂದ.

ಹುಡುಕಲೇಬೇಕಾಯಿತು. ತಲೆ ಹೊರಳಿಸಿದೆ. ಗೋಡೆಯ ಕೆಳಗೆ ಸೋಲಾರಿನ ಪುಟ್ಟ ಪರದೆ ಮಿಣುಕುತ್ತಿತ್ತು, ತನ್ನ ಮಟ್ಟಿಗೆ ಒಂದಿಷ್ಟು ಉಸಿರು ಉಳಿಸಿಕೊಂಡಿತ್ತು. ಅದರಲ್ಲೊಂದು ಹಿಮದ ಹರಳಿನ ಗುರುತು ಮೂಡುತ್ತಿತ್ತು, ಅಳಿಯುತ್ತಿತ್ತು. ಮೇಲೆ ಬಿಸಿಲು ಬಂದು ನಿಂತಿದೆ, ಬ್ಯಾಟರಿ ತಣ್ಣಗಿದೆ, ಕುಡಿಯಲೊಲ್ಲದು ಎಂದು ಅದರ ಅರ್ಥ. ಅದರ ಪಕ್ಕದಲ್ಲೇ, ನನ್ನ ತಲೆಯ ಮಟ್ಟದಲ್ಲೇ, ಹಾಸಿಗೆಯ ಕೆಳಗಿನ ಬ್ಯಾಟರಿ ಪೆಟ್ಟಿಗೆಯ ಬಾಗಿಲು.

"ಇಲ್ಲಿದೆ ಅಪ್ಪಾ," ಎಂದೆ.

ಅಪ್ಪ ಅಲ್ಲಿರಲಿಲ್ಲ. ವಾಸನೆ ಮಾತ್ರ ಇನ್ನೂ ಇತ್ತು.

ಪೆಟ್ಟಿಗೆಯ ಬಾಗಿಲು ತೆಗೆದು ಬ್ಯಾಟರಿಯನ್ನು ಎಳೆದೆ. ಹಳೆಯ ಸೀಸದ್ದಾಗಿದ್ದರೆ ಬಿದ್ದ ಮುದುಕನ ಕೈಗೆ ಬರುವ ಮಾತೇ ಅಲ್ಲ, ಇದು ಒಂದು ಒಳ್ಳೆಯ ಹೋತಮರಿಯಷ್ಟು ತೂಕ. ನಾನೇ ಜೋಡಿಸಿದ ತಂತಿಗಳು ಬೇಕಾದ್ದಕ್ಕಿಂತ ಎಷ್ಟೋ ಉದ್ದ ಇದ್ದವು. "ಇದರ ಮೇಲೆ ಬಟ್ಟೆ ಒಣಗಿಸಬಹುದಲ್ಲಯ್ಯಾ," ಎಂದು ರಾಯ್ಸ್ ಅಣಕಿಸಿದ್ದ. ಅವೇ ತಂತಿಗಳು ಬಿಚ್ಚದೆ ಕೀಳದೆ ಬ್ಯಾಟರಿಯ ಹಿಂದೆಯೇ ಹರಿದು ಬಂದವು. ತಂತಿ ಬಿಗಿದಿದ್ದ ಮೇಲಿನ ಎರಡು ಮೊಳೆಗಳು ಮೈಗೆ ತಾಗದಿರಲೆಂದು ಅವಕ್ಕೆ ನನ್ನ ಉಣ್ಣೆಯ ಕಾಲುಚೀಲ ತೊಡಿಸಿದೆ.

ಅಂಗಿಯ ಗುಂಡಿ ಬಿಚ್ಚುವ ಮುಂಚೆ ಒಂದು ಕ್ಷಣ ತಡೆದೆ. ಚಳಿಗೆ ಸಾಯುತ್ತಿರುವವನು ಚಳಿಯ ಗಡ್ಡೆಯನ್ನು ಹೊಟ್ಟೆಗೆ ಒತ್ತಿಕೊಳ್ಳುವುದೇ? ನನ್ನಲ್ಲಿ ಉಳಿದಿರುವ ಬಿಸಿ ಇಷ್ಟೇ ಇಷ್ಟು. ಅದನ್ನು ಇಟ್ಟುಕೊಂಡು ಮಲಗಿದರೆ ಎಷ್ಟು ಹೊತ್ತು ಬಂದೀತು, ಇದಕ್ಕೆ ಕೊಟ್ಟರೆ ಎಷ್ಟು ಹೊತ್ತು? ಕೊಟ್ಟರೂ ಇದು ಬೆಚ್ಚಗಾಗುವ ಮೊದಲೇ ನಾನು ತಣ್ಣಗಾದರೆ? ಲೆಕ್ಕ ಹಾಕಲು ತಲೆ ಒಪ್ಪಲಿಲ್ಲ. ಕುರಿಯವನ ಮಗ ನಾನು, ಹೊಟ್ಟೆಗೆ ಒತ್ತಿಕೊಂಡೆ. ಚರ್ಮ ಚುರ್ ಎಂದಿತು, ಬಾಯಲ್ಲಿ ಬರಬಾರದ ಮಾತುಗಳೆಲ್ಲ ಬಂದವು.

ಇನ್ನೊಂದು ಕೆಲಸವಿತ್ತು. ಹೀಟರಿನ ಗುಂಡಿ ತಿರುಗಿಸಿದ್ದ ಹಾಗೆಯೇ ಇತ್ತು. ಬ್ಯಾಟರಿಗೆ ನಾಲ್ಕು ಹನಿ ಬಂದ ತಕ್ಷಣ ಆ ಫ್ಯಾನು ಎದ್ದು ಅಷ್ಟನ್ನೂ ಕುಡಿದುಬಿಡುತ್ತದೆ. ಒಂದು ಗಳಿಗೆ ಬಿಸಿಗಾಳಿ ಬರುತ್ತದೆ, ಆಮೇಲೆ ಮತ್ತೆ ಎಲ್ಲವೂ ಕಗ್ಗತ್ತಲು. ಬಿಸಿಯೋ ದೀಪವೋ, ಒಂದೇ ಆಗುವುದು. ನೋಡಿ, ಜೀವಮಾನವೆಲ್ಲ ಯಾರೂ ಹತ್ತಿರ ಬರಬೇಡಿ ಎಂದು ಬದುಕಿದವನು ನಾನು. ಮಾಂಸ ಮೂಳೆಯೆಲ್ಲ ಬಿಸಿ ಬಿಸಿ ಎಂದು ಅಳುತ್ತಿತ್ತು. ಕೈಗೆ ಸಿಕ್ಕ ಪೊರಕೆಯ ಹಿಡಿಯಿಂದ ಗೋಡೆಯ ಮೇಲಿನ ಹೀಟರಿನ ಗುಂಡಿಯನ್ನು ತಳ್ಳಿ ತಳ್ಳಿ ಆರಿಸಿದೆ. ಯಾರಾದರೂ ಬರಲಿ ಎನ್ನಿಸಿತು. ಡಾರ್ಲಾ ಬರಲಿ ಎನ್ನಿಸಿತು, ಹೇಳಿಬಿಡುತ್ತೇನೆ.

ರಗ್ಗನ್ನು ಇಬ್ಬರ ಮೇಲೂ ಎಳೆದುಕೊಂಡೆ.

ಬಿಸಿಲು ನೆಲದ ಮೇಲೆ ಇಳಿಯಿತು. ಒಂದು ತುಂಡು ಬಿಸಿಲು, ಕರವಸ್ತ್ರದಷ್ಟು. ಅದು ತೆವಳುತ್ತಾ ನನ್ನ ಕಡೆ ಬರುತ್ತಿತ್ತೋ, ನಾನೇ ಅದರ ಕಡೆ ತೇಲುತ್ತಿದ್ದೆನೋ ಗೊತ್ತಾಗಲಿಲ್ಲ. ಟ್ರೇಲರು ಗಾಲಿಯ ಮೇಲಿಂದ ಎದ್ದು ಹಿಮದ ಮೇಲೆ ದೋಣಿಯಾಗಿ ಹೊರಟಿತು. ಕೆಂಪು ಬಂಡೆಗಳು ಹಿಂದೆ ಸರಿದವು. ಎಲ್ಲರೂ ಹೊರಟೆವೇ, ಬಿಡಿಭಾಗ ಬಂತೇ, ಎಂದು ಕೇಳಿದೆ. ಹೊಟ್ಟೆಯ ಮೇಲಿನ ಮರಿ ಉತ್ತರ ಕೊಡಲಿಲ್ಲ. "ಒದಿ," ಎಂದೆ ಅದಕ್ಕೆ. "ಒಂದು ಸಲ ಒದಿಯೋ ಕತ್ತೆ. ಪಟ್ಟಿ ಹಾಕ್ಲಿಲ್ಲ ಅಂತ ನಿನಗೂ ಸಿಟ್ಟಾ? ಆ ಹೆಂಗಸು ಹೇಳಿದ್ದು ಸರಿ, ನಾನು ತಪ್ಪು, ಆಯ್ತಾ? ನಿನ್ನ ಹತ್ರ ಒಪ್ಕೊಳ್ತೀನಿ, ಅವಳ ಹತ್ರ ಹೇಳ್ಬೇಡ." ಹಿಮದ ಹರಳು ಮೂಡಿತು, ಅಳಿಯಿತು. ಮೂಡಿತು, ಅಳಿಯಿತು. ಅದನ್ನು ನೋಡುತ್ತಾ ನೋಡುತ್ತಾ ನನ್ನ ಕಣ್ಣೂ ಅದರ ಜೊತೆಗೇ ಮುಚ್ಚಿ ತೆರೆಯತೊಡಗಿತು, ಮುಚ್ಚುವುದು ಹೆಚ್ಚಾಯಿತು, ತೆರೆಯುವುದು ಕಡಿಮೆಯಾಯಿತು. ಮಂದೆ ಮತ್ತೆ ಇಳಿದು ಬಂತು. ಈ ಸಲ ಕಿಟಕಿಯಲ್ಲಲ್ಲ, ಟ್ರೇಲರಿನ ಒಳಗೇ. ನನ್ನ ಸುತ್ತ ಮುತ್ತ ಬೆಚ್ಚನೆಯ ಉಣ್ಣೆ. ಅವುಗಳ ನಡುವೆ ಅಪ್ಪ ಬೆನ್ನು ತಿರುಗಿಸಿಕೊಂಡು ನಡೆದುಹೋಗುತ್ತಿದ್ದ, ನಾನೂ ಏಳಬಹುದು ಎನ್ನಿಸಿತು, ಸೊಂಟವೇ ನೋಯುತ್ತಿರಲಿಲ್ಲ.

ಆಗ ಏನೋ ಟಪ್ ಎಂದಿತು.

ಬೆರಳು ಚಿಟಿಕೆ ಹೊಡೆದಷ್ಟೇ ಸದ್ದು. ಕಣ್ಣು ತೆರೆದೆ. ಪರದೆಯಲ್ಲಿ ಹಿಮದ ಹರಳು ಇರಲಿಲ್ಲ. ಅದರ ಜಾಗದಲ್ಲಿ ಒಂದು ಸಣ್ಣ ಬಾಣದ ಗುರುತು, ಸೂರ್ಯನ ಚಿತ್ರದಿಂದ ಬ್ಯಾಟರಿಯ ಚಿತ್ರದ ಕಡೆಗೆ ಓಡುತ್ತಿತ್ತು. ಕುಡಿಯುತ್ತಿದೆ! ಮರಿ ಕುಡಿಯುತ್ತಿದೆ! ಆ ಟಪ್ ಎಂದರೆ ಕಡಿದುಹೋಗಿದ್ದ ದಾರಿ ಮತ್ತೆ ಕೂಡಿಕೊಂಡ ಸದ್ದು. ನಾನು ಅತ್ತೆ. ಚಳಿಗೆ ಕಣ್ಣೀರು ಸುಡುವ ಹಾಗಿತ್ತು. ಕತ್ತು ಹೊರಳಿಸಿ ಬಾಗಿಲಿನ ಗಾಜು ನೋಡಿದೆ. ಹಿಮದ ಕಡ್ಡಿಯ ಬುಡದಲ್ಲಿ ಜೇನಿನ ಬಣ್ಣ ಕೂತಿತ್ತು. ಸ್ವಲ್ಪವೇ ಸ್ವಲ್ಪ. ಹೊರಗೆ ನಡುಹಗಲು, ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಇಷ್ಟು ಬೆಳಕಿನಲ್ಲಿ ಅಂಗೈಯಷ್ಟು ದೀಪ ಯಾರಿಗೆ ಕಂಡೀತು? ಆ ದೀಪದ ಹೊತ್ತು ಮುಗಿದು ಎಷ್ಟೋ ಆಗಿದೆ, ನನ್ನ ಬಾಗಿಲ ಕಡೆ ಯಾರು ತಾನೆ ನೋಡುತ್ತಾರೆ? ನೋಡಬೇಡಿ ಎಂದು ಹೇಳಿದ್ದವನು ನಾನೇ ಅಲ್ಲವೇ?

ಹಿಮದ ಮೇಲೆ ಹೆಜ್ಜೆಯ ಸದ್ದು ಕೇಳಿಸಿದಾಗ ಅದೂ ಕುರಿಗಳದೇ ಇರಬೇಕು ಎಂದುಕೊಂಡೆ.

ಕುರಿಗಳು ಹಾಗೆ ಬಾಗಿಲು ಬಡಿಯುವುದಿಲ್ಲ.

"ಆರ್ವಿಡ್! ಏ ಆರ್ವಿಡ್! ಮಧ್ಯಾಹ್ನ ಆಯ್ತು, ಈಗ ದೀಪ ಹಚ್ಕೊಂಡು ಮಲಗ್ತೀಯೇನಯ್ಯಾ? ಕುಡಿದಿದ್ಯಾ? ನೋಡು, ಆರಿದಾಗ ನಾನು ಬರ್ಲಿಲ್ಲ. ಈಗ ಉರೀತಿದೆ. ಉರಿದ್ರೆ ಬರಬಹುದು ತಾನೆ?"

ಬಾಯಿ ತೆರೆದೆ, ದನಿ ಹೊರಡಲಿಲ್ಲ. ಮುಚ್ಚಳ ಎತ್ತಿ ಒಂದೇ ಒಂದು ಸಲ ನೆಲಕ್ಕೆ ಬಡಿದೆ.

ಬಾಗಿಲು ಹೇಗೆ ಮುರಿದಳೋ ಅವಳನ್ನೇ ಕೇಳಬೇಕು. ಬೆಳಕಿನ ಜೊತೆ ಒಳಗೆ ನುಗ್ಗಿದಳು, ನಿಂತಳು, ನೋಡಿದಳು. ನೆಲದ ಮೇಲೆ ನೀಲಿ ತುಟಿಯ ಮುದುಕ, ಅವನ ಅಂಗಿಯೊಳಗೆ ಕಾಲುಚೀಲ ತೊಟ್ಟ ಬ್ಯಾಟರಿ. ಅವಳ ಮುಖ ಒಂದು ಥರಾ ಆಯಿತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ರಾಯ್ಸ್! ಬಾರೋ ಇಲ್ಲಿ, ಓಡು!" ಎಂದು ಬಯಲು ನಡುಗುವಂತೆ ಕೂಗಿ, ನನ್ನ ಪಕ್ಕ ಮಂಡಿಯೂರಿ, ತನ್ನ ಕೋಟು ಬಿಚ್ಚಿ ನನ್ನ ಮೇಲೆ ಹೊದಿಸಿದಳು. ತಾನೂ ಅದರೊಳಗೆ ಒತ್ತಿ ಕೂತಳು. "ಇದನ್ನ ಬಿಡಯ್ಯಾ ಈಗ, ಕೊಡಿಲ್ಲಿ."

"ಬೇಡ," ಎಂದೆ. ಪಿಸುಮಾತು ಬಂತು. "ಈಗಷ್ಟೇ ಕುಡಿಯೋಕೆ ಶುರು ಮಾಡಿದೆ."

"ಬೆಳಿಗ್ಗೆಯಿಂದ ನಿನ್ನ ಹಾಳು ಬಾಗಿಲನ್ನೇ ನೋಡ್ತಿದ್ದೀನಿ," ಎಂದಳು ಡಾರ್ಲಾ. ಅಷ್ಟು ಸಣ್ಣ ದನಿ ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ನಿನ್ನೇನೂ, ಮೊನ್ನೇನೂ. ಎದ್ದಿದ್ದಾನೆ, ಬರಲ್ಲ ಅಂತಾನೆ, ಬಿಡು ಅಂದ್ಕೊಂಡೆ. ಅಂದ್ಕೊಂಡು ಅಲ್ಲೇ ಕೂತು ನೋಡ್ತಿದ್ದೆ ಕಣೋ."

ಅವಳ ಮೈ ಬೆಚ್ಚಗಿತ್ತು.

ಊರಿನ ಆಸ್ಪತ್ರೆಯಲ್ಲಿ ನನ್ನ ಸೊಂಟಕ್ಕೆ ಹೊಸ ಕೀಲು ಹಾಕಿದರು. ಅಷ್ಟರಲ್ಲಿ ಡಾರ್ಲಾಳ ಟ್ರಕ್ಕು ರಿಪೇರಿಯಾಗಿ, ದಾರಿಯೂ ತೆರೆದಿತ್ತು. ಯಾರೂ ಹೊರಡಲಿಲ್ಲ. ಒಟ್ಟಿಗೆ ಬಂದವರು ಒಟ್ಟಿಗೇ ಹೊರಡಬೇಕಲ್ಲ. ಆಸ್ಪತ್ರೆಗೆ ಬಂದವಳು ಮೊದಲು ಕೇಳಿದ್ದೇ, "ಏನಯ್ಯಾ, ನಿನ್ನ ಬಿಡಿಭಾಗ ಬಂತಾ? ನಿನ್ನಿಂದ ನಾವೆಲ್ಲ ಚಳೀಲಿ ಸಾಯ್ತಿದ್ದೀವಿ." ರಾಯ್ಸ್ ನಕ್ಕ ನಗುವಿಗೆ ನರ್ಸು ಬಂದು ಗದರಿಸಿ ಹೋದಳು.

ಈಗ ನಮ್ಮ ಪದ್ಧತಿ ಬದಲಾಗಿದೆ. ರಾತ್ರಿ ದೀಪ ಬೇಡ. ಬೆಳಿಗ್ಗೆ ಎದ್ದವರು ಹಚ್ಚಬೇಕು, ಕಾಫಿಯ ಹೊತ್ತಿಗೆ ಉರಿಯದಿದ್ದರೆ ಬಾಗಿಲು ಬಡಿಯಬೇಕು. ಬ್ಯಾಟರಿ ಸತ್ತರೂ ಮನುಷ್ಯ ಬಿದ್ದರೂ ಕತ್ತಲು ಒಂದೇ, ಮೋಸವಿಲ್ಲ. ನನ್ನ ಬ್ಯಾಟರಿಯ ಕೆಳಗೆ ಬಿಸಿಪಟ್ಟಿ ಬಂದು ಕೂತಿದೆ, ಡಾರ್ಲಾ ತಾನೇ ಹಾಕಿದಳು. ಬ್ಯಾಟರಿ ಈಗ ತುಂಬಿ ತುಳುಕುತ್ತಿರುತ್ತದೆ. ನಾನಂತೂ ಬೆಳಕು ಹರಿಯುವ ಮೊದಲೇ ಎದ್ದಿರುತ್ತೇನೆ, ಕುರಿಯವರ ಮನೆಯ ಅಭ್ಯಾಸ. ಎದ್ದು, ಮುಖ ತೊಳೆದು, ಒಲೆಯ ಮೇಲೆ ಇಬ್ಬರಿಗಾಗುವಷ್ಟು ಕಾಫಿ ಇಟ್ಟು, ದೀಪದ ಗುಂಡಿಯನ್ನು ಮುಟ್ಟದೆ ಕೂತಿರುತ್ತೇನೆ.

ಅವಳಿಗೂ ಅದು ಗೊತ್ತಿದೆ. "ಎದ್ದಿದ್ದೂ ದೀಪ ಹಚ್ಚಲ್ಲ, ಕಳ್ಳ!" ಎಂದು ಬೈಯುತ್ತಾ ಬಂದು ದಿನವೂ ಬಾಗಿಲು ಬಡಿಯುತ್ತಾಳೆ.